ಹುಡುಕಿದರೆ ಸಿಗಬೇಕು, ಆದರೆ ಎಲ್ಲವೂ ಅಲ್ಲ

ಯಾವುದೋ ಕಾಲೇಜಿನ ವೆಬ್‌ಸೈಟ್‌ಗೆ ಹೋಗ್ತೀರಿ. ಮೇಲೆ ಮೂಲೆಯಲ್ಲಿ ಭೂತಗನ್ನಡಿಯ ಚಿತ್ರ. ಅದನ್ನು ಒತ್ತಿ ‘ಹಾಸ್ಟೆಲ್ ಶುಲ್ಕ’ ಅಂತ ಟೈಪ್ ಮಾಡ್ತೀರಿ. ಮೊದಲು ಬರೋದು ಹತ್ತು ವರ್ಷ ಹಿಂದಿನ ಹಾಸ್ಟೆಲ್ ಡೇ ಫೋಟೊಗಳು. ಆಮೇಲೆ ಅಡುಗೆ ಪಾತ್ರೆ ಖರೀದಿಯ ಟೆಂಡರ್. ಈ ವರ್ಷದ ಶುಲ್ಕದ ಪಟ್ಟಿ ಮಾತ್ರ ಎಲ್ಲೂ ಇಲ್ಲ. ‘ಈ ಸೈಟಿನ ಸರ್ಚ್ ಯಾವ ಕೆಲಸಕ್ಕೂ ಬರಲ್ಲ’ ಅಂತ ಬೈದುಕೊಂಡು ಗೂಗಲ್‌ಗೆ ವಾಪಸ್ ಹೋಗ್ತೀರಿ.

ಬೈಗುಳ ಸರಿಯಾಗೇ ಇದೆ, ವಿಳಾಸ ಮಾತ್ರ ತಪ್ಪು. ಸರ್ಚ್ ಎಂಜಿನ್ ತನಗೆ ಕೊಟ್ಟಿದ್ದನ್ನು ಮಾತ್ರ ಹುಡುಕುತ್ತೆ. ಯಾವ ಪುಟ ಓದಬೇಕು, ಯಾವುದನ್ನು ಬಿಡಬೇಕು ಅಂತ ಅದಕ್ಕೆ ಯಾರೋ ಹೇಳಿರುತ್ತಾರೆ, ಇಲ್ಲವೇ ಯಾರೂ ಹೇಳಿರುವುದಿಲ್ಲ. ವೆಬ್‌ಸೈಟ್‌ಗಳಿಗೆ ಸರ್ಚ್ ಹೊಂದಿಸಿಕೊಡುವುದೇ ನನ್ನ ಕೆಲಸ. ನಾನು ನೋಡಿದ ಮಟ್ಟಿಗೆ ಎರಡನೆಯದೇ ಜಾಸ್ತಿ.

ಇದರ ಒಳಗಡೆ ನಡೆಯೋದು ಸರಳ. ಮೊದಲು ‘ಕ್ರಾಲರ್’ ಅನ್ನೋ ಪ್ರೋಗ್ರಾಂ ಸೈಟ್ ಸುತ್ತುತ್ತೆ. ಜನಗಣತಿಗೆ ಬರುವ ಮೇಷ್ಟ್ರ ಥರ ಅಂದುಕೊಳ್ಳಿ. ಒಂದು ಮನೆಯಿಂದ ಶುರು ಮಾಡಿ, ಅಲ್ಲಿಂದ ಹೊರಡುವ ದಾರಿಗಳನ್ನೆಲ್ಲ ಹಿಡಿದು ಮುಂದಿನ ಮನೆಗಳಿಗೆ ಹೋಗುತ್ತೆ. ದಾರಿ ಅಂದರೆ ಲಿಂಕ್. ಲಿಂಕೇ ಇಲ್ಲದ ಪುಟ ದಾರಿ ಇಲ್ಲದ ಮನೆ ಇದ್ದ ಹಾಗೆ, ಮೇಷ್ಟ್ರು ಅಲ್ಲಿಗೆ ಹೋಗೋದೇ ಇಲ್ಲ. (ಅಂಥ ಪುಟಗಳಿಗಾಗಿ ‘ಸೈಟ್‌ಮ್ಯಾಪ್’ ಅಂತ ವಿಳಾಸಗಳ ಪಟ್ಟಿಯನ್ನೇ ಬರೆದು ಕೊಡಬಹುದು. ಒಂದು ಫೈಲಿನಲ್ಲಿ 50,000 ವಿಳಾಸಗಳವರೆಗೆ ಹಿಡಿಸುತ್ತೆ.) ಹೀಗೆ ಓದಿದ್ದನ್ನೆಲ್ಲ ಪುಸ್ತಕದ ಕೊನೆಯ ಪದಸೂಚಿಯ ಹಾಗೆ ಜೋಡಿಸಿಡುತ್ತೆ. ಯಾವ ಪದ, ಯಾವ ಪುಟದಲ್ಲಿ ಅಂತ. ಇದೇ ಇಂಡೆಕ್ಸ್. ನೀವು ಟೈಪ್ ಮಾಡಿದಾಗ ಹುಡುಕುವುದು ಸೈಟನ್ನಲ್ಲ, ಈ ಪದಸೂಚಿಯನ್ನು.

ಹಾಗಾಗಿ ನಿಜವಾದ ಪ್ರಶ್ನೆ ಒಂದೇ: ಪದಸೂಚಿಗೆ ಏನು ಸೇರಬೇಕು, ಅದನ್ನು ಯಾರು ತೀರ್ಮಾನ ಮಾಡಬೇಕು?

ಒಂದು ಮೊದಲ ಸುತ್ತು

ಒಂದು ಜಿಲ್ಲಾ ಕೇಂದ್ರದಲ್ಲಿ ಬಡ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುವ ಟ್ರಸ್ಟ್ ಇದೆ. ಹೆಸರು ಬೇಡ. ಒಳ್ಳೆ ಕೆಲಸ ಮಾಡುವ ಜನ. ಸೈಟಿಗೆ ಸರ್ಚ್ ಹಾಕಿಕೊಡಿ ಅಂತ ಕರೆದಿದ್ದರು. ನಾನು ಯಾವಾಗಲೂ ಮೊದಲ ಸುತ್ತನ್ನು ಯಾವ ನಿರ್ಬಂಧವೂ ಇಲ್ಲದೆ, ಹೊರಗಿನವರಿಗೆ ಕಾಣದ ಹಾಗೆ, ನನ್ನ ಲ್ಯಾಪ್‌ಟಾಪ್‌ನಲ್ಲೇ ಓಡಿಸಿ ನೋಡ್ತೀನಿ. ಮನೆಯೊಳಗೆ ಏನೇನಿದೆ ಅಂತ ಮನೆಯವರಿಗಿಂತ ಚೆನ್ನಾಗಿ ಕ್ರಾಲರ್‌ಗೆ ಗೊತ್ತಾಗುತ್ತೆ.

ಅವತ್ತು ‘ಆದಾಯ’ ಅಂತ ಹುಡುಕಿದೆ. ಅರ್ಜಿ ಹಾಕಲು ಆದಾಯ ಮಿತಿ ಎಷ್ಟು ಅನ್ನೋ ಪುಟ ಬರುತ್ತೆ ಅಂದುಕೊಂಡಿದ್ದೆ. ಬಂದಿದ್ದು ಹಿಂದಿನ ವರ್ಷಗಳಲ್ಲಿ ಅರ್ಜಿ ಹಾಕಿದ ಮಕ್ಕಳ ಆದಾಯ ಪ್ರಮಾಣಪತ್ರಗಳು. ಸಾಲಾಗಿ. ತಂದೆಯ ಹೆಸರು, ಊರು, ವರ್ಷದ ಆದಾಯ. ಪಕ್ಕದಲ್ಲೇ ಜಾತಿ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್‌ನ ಮೊದಲ ಪುಟ.

ಕ್ರಾಲರ್ ಯಾವ ಬೀಗವನ್ನೂ ಒಡೆದಿರಲಿಲ್ಲ. ಹಳೆಯ ಸಭೆಯೊಂದರ ವರದಿ ಪುಟದಲ್ಲಿ ಯಾರೋ ಆ ಫೋಲ್ಡರ್‌ಗೆ ಲಿಂಕ್ ಕೊಟ್ಟಿದ್ದರು. ಫೋಲ್ಡರ್ ತೆರೆದರೆ ಒಳಗಿರುವ ಫೈಲುಗಳ ಪಟ್ಟಿಯನ್ನು ಸರ್ವರ್ ತಾನೇ ತೋರಿಸುತ್ತಿತ್ತು. ಅಂದರೆ ಕೆಲವು ವರ್ಷಗಳಿಂದ ಬಾಗಿಲು ತೆರೆದೇ ಇತ್ತು. ಗೂಗಲ್‌ನಲ್ಲಿ ಹುಡುಕಿದೆ. ಅಲ್ಲೂ ಕೆಲವು ಬಂದವು.

ಕಾರ್ಯದರ್ಶಿಗಳಿಗೆ ತೋರಿಸಿದಾಗ ಅವರ ಮುಖ ಸಪ್ಪಗಾಯಿತು. ‘ಸರ್ಚ್‌ನಲ್ಲಿ ಬರದ ಹಾಗೆ ಮಾಡಿಬಿಡಿ ಮೇಡಂ, ಸಾಕು’ ಅಂದರು.

ಸಾಕಾಗಲ್ಲ ಸರ್, ಅಂದೆ.

ಬೋರ್ಡು ಬೇರೆ, ಬೀಗ ಬೇರೆ

ಬಹಳ ಜನ ಡೆವಲಪರ್‌ಗಳೂ ಇಲ್ಲಿ ಎಡವುತ್ತಾರೆ. ಸೈಟಿನ ಮೂಲ ವಿಳಾಸದಲ್ಲಿ ‘ರೋಬಾಟ್ಸ್ ಡಾಟ್ ಟಿಎಕ್ಸ್‌ಟಿ’ ಅನ್ನೋ ಪುಟ್ಟ ಫೈಲ್ ಇಡುವ ಪದ್ಧತಿ ಇದೆ. ‘ಈ ಫೋಲ್ಡರ್‌ಗೆ ಬರಬೇಡಿ’ ಅಂತ ಕ್ರಾಲರ್‌ಗಳಿಗೆ ಅದರಲ್ಲಿ ಬರೆದಿಡಬಹುದು. 1994ರಲ್ಲಿ ಮಾರ್ಟಿನ್ ಕೋಸ್ಟರ್ ಅನ್ನುವವರು ಶುರು ಮಾಡಿದ್ದು. ಸುಮಾರು 28 ವರ್ಷ ಅದು ಬರೀ ಒಪ್ಪಂದದ ಮೇಲೆ ನಡೆಯಿತು. 2022ರಲ್ಲಷ್ಟೇ ಆರ್‌ಎಫ್‌ಸಿ 9309 ಅನ್ನೋ ಹೆಸರಲ್ಲಿ ಅಧಿಕೃತ ದಾಖಲೆಯಾಯಿತು. ಆ ದಾಖಲೆಯೇ ಸ್ಪಷ್ಟವಾಗಿ ಹೇಳುತ್ತೆ, ಈ ನಿಯಮಗಳು ಪ್ರವೇಶವನ್ನು ತಡೆಯುವ ವ್ಯವಸ್ಥೆ ಅಲ್ಲ ಅಂತ. ಗೇಟಿನ ಮೇಲೆ ‘ಅನ್ಯರಿಗೆ ಪ್ರವೇಶವಿಲ್ಲ’ ಅಂತ ಬೋರ್ಡು ಹಾಕಿದ ಹಾಗೆ. ಮರ್ಯಾದಸ್ಥರು ನಿಲ್ಲುತ್ತಾರೆ.

ಮರ್ಯಾದೆ ಇಲ್ಲದವರಿಗೆ ಅದೇ ದಾರಿ ತೋರಿಸುವ ಬೋರ್ಡು. ಯಾಕೆಂದರೆ ಆ ಫೈಲನ್ನು ಯಾರು ಬೇಕಾದರೂ ತೆರೆದು ಓದಬಹುದು. ಅದರಲ್ಲಿ ‘ವಿದ್ಯಾರ್ಥಿಗಳ ದಾಖಲೆ ಫೋಲ್ಡರ್‌ಗೆ ಹೋಗಬೇಡಿ’ ಅಂತ ಬರೆಯೋದು, ಅಲಮಾರಿನ ಕೀಲಿ ಯಾವ ಡಬ್ಬದಲ್ಲಿದೆ ಅಂತ ಬಾಗಿಲಿಗೆ ಚೀಟಿ ಅಂಟಿಸಿ ಊರಿಗೆ ಹೋದ ಹಾಗಾಗುತ್ತೆ.

ಇನ್ನೊಂದು ಗೊಂದಲ ಇದೆ. ‘ಬರಬೇಡ’ ಅನ್ನೋದು ಬೇರೆ, ‘ಬಂದು ಓದು, ಆದರೆ ಪದಸೂಚಿಗೆ ಸೇರಿಸಬೇಡ’ ಅನ್ನೋದು ಬೇರೆ. ಎರಡನೆಯದಕ್ಕೆ ಪುಟದ ಒಳಗೇ ‘ನೋಇಂಡೆಕ್ಸ್’ ಅಂತ ಗುರುತು ಹಾಕಬೇಕು. ಪಿಡಿಎಫ್‌ನಂಥ ಫೈಲಿನಲ್ಲಿ ಅದಕ್ಕೆ ಜಾಗ ಇಲ್ಲ, ಸರ್ವರ್ ಆ ಫೈಲನ್ನು ಕಳಿಸುವಾಗ ಜೊತೆಗೆ ಹೇಳಿ ಕಳಿಸಬೇಕು. ಭದ್ರವಾಗಿರಲಿ ಅಂತ ಕೆಲವರು ಎರಡನ್ನೂ ಒಟ್ಟಿಗೆ ಹಾಕ್ತಾರೆ. ಆಗ ಏನಾಗುತ್ತೆ ನೋಡಿ: ‘ಬರಬೇಡ’ ಅಂದಿದ್ದಕ್ಕೆ ಕ್ರಾಲರ್ ಪುಟದೊಳಗೆ ಬರಲ್ಲ. ಬರದೇ ಇದ್ದುದರಿಂದ ‘ಸೇರಿಸಬೇಡ’ ಅನ್ನೋ ಗುರುತು ಅದಕ್ಕೆ ಕಾಣಲ್ಲ. ಬೇರೆ ಯಾವುದೋ ಸೈಟಿನಲ್ಲಿ ಆ ಪುಟಕ್ಕೆ ಲಿಂಕ್ ಇದ್ದರೆ, ಒಳಗೇನಿದೆ ಅಂತ ಓದದೆಯೇ ವಿಳಾಸವನ್ನು ಮಾತ್ರ ಗೂಗಲ್ ತೋರಿಸಬಹುದು. ರೋಬಾಟ್ಸ್ ಫೈಲಿನಲ್ಲೇ ‘ನೋಇಂಡೆಕ್ಸ್’ ಬರೆಯುವ ಅಡ್ಡದಾರಿಯೂ ಒಂದಿತ್ತು. 2019ರ ಸೆಪ್ಟೆಂಬರ್ 1ರಿಂದ ಗೂಗಲ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ.

ಮಕ್ಕಳ ಪ್ರಮಾಣಪತ್ರಗಳಿಗೆ ಇವೆರಡೂ ಮದ್ದಲ್ಲ. ಅವು ವೆಬ್‌ಸೈಟಿನಲ್ಲಿ ಇರಲೇಬಾರದು. ಆ ಫೋಲ್ಡರನ್ನು ಹೊರಗಿನಿಂದ ತಲುಪಲಾಗದ ಜಾಗಕ್ಕೆ ಸಾಗಿಸಿ, ಲಾಗಿನ್ ಇದ್ದವರಿಗೆ ಮಾತ್ರ ಸಿಗುವ ಹಾಗೆ ಮಾಡಿಸಿದೆ. ಫೈಲುಗಳ ಪಟ್ಟಿ ತೋರಿಸುವ ಸೌಲಭ್ಯವನ್ನು ಸರ್ವರ್‌ನಲ್ಲಿ ಮುಚ್ಚಿಸಿದೆ. ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ಆ ವಿಳಾಸಗಳನ್ನು ತೆಗೆಯಲು ಕೋರಿಕೆ ಹಾಕಿದೆ. ಆ ತೆಗೆಯುವಿಕೆ ಸುಮಾರು 6 ತಿಂಗಳಿಗೆ ಮಾತ್ರ. ಅಷ್ಟರೊಳಗೆ ಮೂಲ ಫೈಲ್ ಹೋಗಿರಲೇಬೇಕು, ಇಲ್ಲದಿದ್ದರೆ ಮತ್ತೆ ಹಾಜರಾಗುತ್ತೆ. ಆ ಮಕ್ಕಳಿಗೂ ವಿಷಯ ತಿಳಿಸಬೇಕು ಅಂತ ಹೇಳಿದೆ. ಅದನ್ನು ಒಪ್ಪೋಕೆ ಟ್ರಸ್ಟಿಗೆ ಎರಡು ಸಭೆ ಬೇಕಾಯಿತು. ಒಪ್ಪಿದರು ಅನ್ನೋದೇ ಸಮಾಧಾನ.

ಸಿಗಬೇಕಾದದ್ದು ಸಿಗದಿದ್ದಾಗ

ಇನ್ನು ಇದರ ಉಲ್ಟಾ ಕಥೆ, ಅದೇ ಸೈಟಿನದು. ಆ ವರ್ಷದ ಅರ್ಜಿ ಆಹ್ವಾನದ ಪ್ರಕಟಣೆ ಸೈಟಿನಲ್ಲಿತ್ತು. ‘ಪಿಯುಸಿ ವಿದ್ಯಾರ್ಥಿವೇತನ’ ಅಂತ ಹುಡುಕಿದರೆ ಮಾತ್ರ ಬರುತ್ತಿರಲಿಲ್ಲ. ಕಾರಣ, ಅದು ಪ್ರಿಂಟ್ ತೆಗೆದು, ಸಹಿ, ಸೀಲು ಹಾಕಿ, ಸ್ಕ್ಯಾನ್ ಮಾಡಿದ ಪಿಡಿಎಫ್. ನಮ್ಮ ಕಣ್ಣಿಗೆ ಅಕ್ಷರ, ಕ್ರಾಲರ್‌ಗೆ ಬರೀ ಚಿತ್ರ. ಕೊನೆಯ ದಿನಾಂಕ ಹತ್ತಿರ ಬರುತ್ತಿತ್ತು. ಆ ಸೈಟ್ ನೋಡುವವರು ಸೈಬರ್ ಕೆಫೆಯ ಮಾಲೀಕರನ್ನೋ, ಪಕ್ಕದ ಮನೆ ಅಣ್ಣನನ್ನೋ ಕೇಳಿ ಬರುವ ಹುಡುಗ ಹುಡುಗಿಯರು. ಒಂದು ಸಲ ಹುಡುಕಿ ‘ಏನೂ ಸಿಗಲಿಲ್ಲ’ ಅಂತ ಬಂದರೆ ಈ ವರ್ಷ ಇಲ್ಲವೇನೋ ಅಂತ ಸುಮ್ಮನಾಗುತ್ತಾರೆ.

ಹಳೆಯ ಪ್ರಕಟಣೆಗಳದ್ದು ನಮ್ಮ ಕನ್ನಡದ್ದೇ ಆದ ಇನ್ನೊಂದು ಸಮಸ್ಯೆ. ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತಗಳು ಪರದೆ ಮೇಲೆ ಚೆಂದದ ಕನ್ನಡ. ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕಿರುತ್ತೆ ಅಷ್ಟೇ. ಕ್ರಾಲರ್ ವೇಷ ನೋಡಲ್ಲ, ಒಳಗಿರುವುದನ್ನೇ ಓದಿ ಪದಸೂಚಿಗೆ ಸೇರಿಸುತ್ತೆ. ನೀವು ಫೋನಿನಲ್ಲಿ ಟೈಪ್ ಮಾಡೋದು ಯೂನಿಕೋಡ್ ಕನ್ನಡ. ಎರಡೂ ಎಂದೂ ಭೇಟಿಯಾಗಲ್ಲ. ಎಷ್ಟೋ ಸಂಸ್ಥೆಗಳ ವರ್ಷಗಟ್ಟಲೆಯ ಕನ್ನಡ ಹೀಗೆ ಕಣ್ಣೆದುರೇ ಇದ್ದೂ ಕಾಣೆಯಾಗಿದೆ. ನನಗೆ ಇದು ನಿಜಕ್ಕೂ ಹೊಟ್ಟೆ ಉರಿಸುವ ವಿಷಯ.

ಹಳೆಯದನ್ನು ಯೂನಿಕೋಡ್‌ಗೆ ಬದಲಿಸುವ ತಂತ್ರಾಂಶಗಳಿವೆ. ಸ್ಕ್ಯಾನ್ ಮಾಡಿದ್ದನ್ನು ಓದಲು ಕನ್ನಡ ಬಲ್ಲ ಟೆಸರ‍್ಯಾಕ್ಟ್‌ನಂಥ ಉಚಿತ ಒಸಿಆರ್ ಇದೆ. ಆದರೆ ಹೊಸ ಪ್ರಕಟಣೆಗೆ ಇಷ್ಟೆಲ್ಲ ಯಾಕೆ? ಅದೇ ವಿಷಯವನ್ನು ಒಂದು ಮಾಮೂಲಿ ಪುಟದಲ್ಲಿ ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಸೀಲು ಹಾಕಿದ ಪಿಡಿಎಫ್‌ಗೆ ಕೆಳಗೆ ಲಿಂಕ್ ಕೊಟ್ಟರೆ ಆಯಿತು. ಟ್ರಸ್ಟಿನ ಗುಮಾಸ್ತೆ ಇಪ್ಪತ್ತು ನಿಮಿಷದಲ್ಲಿ ಮುಗಿಸಿದರು.

ಪದಗಳನ್ನು ಜೋಡಿಸುವಾಗಲೂ ಕನ್ನಡಕ್ಕೆ ಒಂದಿಷ್ಟು ಉಪಚಾರ ಬೇಕು. ‘ಸಾಫ್ಟ್‌ವೇರ್’ ಅಂತ ಬರೆಯುವಾಗ ಟ ಒತ್ತಿಗೂ ವೇಗೂ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತೆ. ಒಬ್ಬರು ಅದನ್ನು ಹಾಕಿ, ಇನ್ನೊಬ್ಬರು ಬಿಟ್ಟರೆ ಕಂಪ್ಯೂಟರಿಗೆ ಅವು ಎರಡು ಬೇರೆ ಪದ. ‘ವಿದ್ಯಾರ್ಥಿವೇತನಕ್ಕೆ’ ಅಂತ ಪುಟದಲ್ಲಿದ್ದು ‘ವಿದ್ಯಾರ್ಥಿವೇತನ’ ಅಂತ ಹುಡುಕಿದರೂ ಸಿಗಬೇಕು. ಸ್ಕಾಲರ್‌ಶಿಪ್, ಶಿಷ್ಯವೇತನ ಎಲ್ಲ ಒಂದೇ ಅಂತ ಪಟ್ಟಿ ಮಾಡಿ ಕೊಡಬೇಕು. ೧೨ ಮತ್ತು 12 ಕೂಡ.

ಕಸ ಎಲ್ಲಿಂದ ಬರುತ್ತೆ

ಎಲ್ಲ ಪುಟದ ಮೇಲೂ ಒಂದೇ ಮೆನು ಇರುತ್ತಲ್ಲ, ಅದರಲ್ಲಿ ‘ವಿದ್ಯಾರ್ಥಿವೇತನ’ ಅನ್ನೋ ಪದ ಇದ್ದರೆ ಸೈಟಿನ ಪ್ರತಿ ಪುಟವೂ ಆ ಹುಡುಕಾಟಕ್ಕೆ ‘ನಾನೂ ಇದ್ದೀನಿ’ ಅಂತ ಕೈಯೆತ್ತುತ್ತೆ. ಮೊದಲೇ ಹೇಳಿದ ಹಾಸ್ಟೆಲ್ ಡೇ ಫೋಟೊಗಳು ಬರುವುದಕ್ಕೆ ಇದೂ ಒಂದು ಕಾರಣ. ಮೆನು, ಅಡಿಟಿಪ್ಪಣಿ, ಪಕ್ಕದ ಪಟ್ಟಿ ಬಿಟ್ಟು ನಡುವಿನ ಭಾಗವನ್ನು ಮಾತ್ರ ಓದು ಅಂತ ಕ್ರಾಲರ್‌ಗೆ ಹೇಳಬಹುದು. ಇಡೀ ಹೊಂದಾಣಿಕೆಯಲ್ಲಿ ಅತಿ ಕಡಿಮೆ ಶ್ರಮಕ್ಕೆ ಅತಿ ಹೆಚ್ಚು ಫಲ ಕೊಡುವುದು ಇದೊಂದೇ ಅಂತ ನನ್ನ ಲೆಕ್ಕ.

ಕ್ಯಾಲೆಂಡರ್ ಇದ್ದರೆ ‘ಮುಂದಿನ ತಿಂಗಳು’ ಒತ್ತುತ್ತಾ ಒತ್ತುತ್ತಾ ಕ್ರಾಲರ್ 2090ಕ್ಕೂ ಹೋಗಿ ಖಾಲಿ ಪುಟಗಳನ್ನು ಹೊತ್ತು ತರುತ್ತೆ. ಸೀರೆ ಅಂಗಡಿಯ ಸೈಟಿನಲ್ಲಿ 10 ಬಣ್ಣ, 6 ಬೆಲೆ ಪಟ್ಟಿ, 5 ಬಗೆಯ ಬಟ್ಟೆ, 4 ರೀತಿಯ ಜೋಡಣೆ ಇದ್ದರೆ, ಅವೇ ಸೀರೆಗಳಿಗೆ 1,200 ಬೇರೆ ಬೇರೆ ವಿಳಾಸ. ಇಂಥ ವಿಳಾಸಗಳ ಮಾದರಿ ಬರೆದು ‘ಇವು ಬೇಡ’ ಅನ್ನಬೇಕು. ಪರೀಕ್ಷೆಗೆ ಅಂತ ಮಾಡಿಟ್ಟ ಸೈಟಿನ ನಕಲನ್ನೂ ಅಷ್ಟೇ.

ಆಫೀಸಿನೊಳಗಿನ ಸರ್ಚ್‌ನಲ್ಲಿ ಇನ್ನೊಂದು ಸೂಕ್ಷ್ಮ. ಕಡತ ತೆರೆಯಲು ನಿಮಗೆ ಅನುಮತಿ ಇಲ್ಲದಿರಬಹುದು. ಆದರೆ ಫಲಿತಾಂಶದ ಕೆಳಗೆ ಬರುವ ಎರಡು ಸಾಲಿನ ತುಣುಕಿನಲ್ಲಿ ಸಹೋದ್ಯೋಗಿಯ ಸಂಬಳ ಕಂಡರೆ? ಯಾರು ಹುಡುಕುತ್ತಿದ್ದಾರೆ, ಅವರಿಗೆ ಆ ಕಡತದ ಅನುಮತಿ ಇದೆಯಾ ಅಂತ ಇಂಡೆಕ್ಸ್‌ಗೂ ಗೊತ್ತಿರಬೇಕು. ಕಂಪನಿಯ ದಾಖಲೆ ನೋಡಿ ಉತ್ತರ ಹೇಳುವ ಎಐ ಚಾಟ್‌ಬಾಟ್‌ಗಳ ಬೆನ್ನ ಹಿಂದೆಯೂ ಸಾಮಾನ್ಯವಾಗಿ ಇಂಥದೇ ಇಂಡೆಕ್ಸ್ ಇರುತ್ತೆ. ಹುಡುಕುವ ಪೆಟ್ಟಿಗೆಯಾದರೆ ಕಡತದ ಹೆಸರು ತೋರಿಸುತ್ತೆ, ಚಾಟ್‌ಬಾಟ್ ನೇರವಾಗಿ ಸಂಬಳದ ಅಂಕಿಯನ್ನೇ ಹೇಳಿಬಿಡುತ್ತೆ.

ಇವನ್ನೆಲ್ಲ ತೀರ್ಮಾನಿಸಲು ಡೆವಲಪರ್ ಒಬ್ಬರೇ ಕೂತರೆ ಆಗಲ್ಲ. ಟ್ರಸ್ಟಿನಲ್ಲಿ ನಾನು ಕೇಳಿದ್ದು ಅಲ್ಲಿ ಫೋನ್ ಎತ್ತುವ ಅದೇ ಗುಮಾಸ್ತೆಯನ್ನು. ದಿನಾ ಏನು ಕೇಳ್ತಾರೆ? ‘ಕೊನೆ ದಿನ ಯಾವತ್ತು, ಆದಾಯ ಮಿತಿ ಎಷ್ಟು, ನನ್ನ ಅರ್ಜಿ ಏನಾಯ್ತು’ ಅಂತ ಥಟ್ಟನೆ ಹೇಳಿದರು. ಆ ಮೂರಕ್ಕೂ ಉತ್ತರ ಇರುವ ಪುಟಗಳು ಮೊದಲು ಬರುವ ಹಾಗೆ ಮಾಡಿದೆವು. ಪ್ರಕಟಣೆಗಳ ಪುಟಕ್ಕೆ ಕ್ರಾಲರ್ ಗಂಟೆಗೊಮ್ಮೆ, ಹಳೆಯ ವರದಿಗಳಿಗೆ ತಿಂಗಳಿಗೊಮ್ಮೆ ಹೋಗುತ್ತೆ. ಸೈಟಿನಿಂದ ತೆಗೆದ ಪುಟ ಪದಸೂಚಿಯಿಂದಲೂ ಹೋಗುತ್ತೆ.

ಹದಿನೈದು ದಿನದ ನಂತರ, ಜನ ಏನು ಹುಡುಕಿ ಬರಿಗೈಲಿ ವಾಪಸಾದರು ಅನ್ನೋ ಪಟ್ಟಿ ತೆಗೆದೆವು. ‘ಸ್ಕಾಲರ್ ಶೀಪ್’ ಅಂತ ದೀರ್ಘ ಹಾಕಿದವರು ಬಹಳ ಜನ, ಅದನ್ನೂ ಪಟ್ಟಿಗೆ ಸೇರಿಸಿದೆವು. ಕೆಲವರು ತಮ್ಮ ಹೆಸರು, ಅರ್ಜಿ ಸಂಖ್ಯೆಯನ್ನೇ ಟೈಪ್ ಮಾಡಿದ್ದರು. ಅವು ಈಗ ಸಿಗಲ್ಲ, ಸಿಗಲೂಬಾರದು. ಅಂಥವರಿಗೆ ‘ಏನೂ ಸಿಗಲಿಲ್ಲ’ ಅನ್ನೋ ಸಾಲಿನ ಕೆಳಗೆ, ಲಾಗಿನ್ ಆಗಿ ಅರ್ಜಿಯ ಸ್ಥಿತಿ ನೋಡುವ ಪುಟದ ಲಿಂಕ್ ಹಾಕಿದ್ದೇವೆ. ಆ ಹುಡುಕಾಟದ ಪಟ್ಟಿಯನ್ನು ತಿಂಗಳ ಕೊನೆಗೆ ಅಳಿಸುತ್ತೇವೆ, ಅದರಲ್ಲೂ ಮಕ್ಕಳ ಹೆಸರು ಇರುತ್ತಲ್ಲ.