ಬೆನ್ನ ಹಿಂದಿನ ದೀಪ

ವಾಹನಗಳಿಗೆ ಮಾತಿಲ್ಲ. ಆದರೂ ರಸ್ತೆಯ ಮೇಲೆ ಅವು ಒಂದರೊಡನೊಂದು ವ್ಯವಹರಿಸಲೇಬೇಕು. ಎಚ್ಚರಿಸಲು ಹಾರನ್ನಿನ ಧ್ವನಿ, ತಿರುಗುವಾಗ ಮಿನುಗುವ ಪಕ್ಕದ ದೀಪ, ವೇಗ ತಗ್ಗಿಸುವಾಗ ಬೆಳಗುವ ಹಿಂಬದಿಯ ಕೆಂಪು ದೀಪ – ಇವೇ ಅವುಗಳ ಭಾಷೆ. ಇವುಗಳಲ್ಲಿ ಬ್ರೇಕ್ ದೀಪದ ರೀತಿಯೇ ಬೇರೆ. ಹಾರನ್ ಕೂಗದಿದ್ದರೆ ಸವಾರನಿಗೆ ಒಡನೆಯೇ ತಿಳಿಯುತ್ತದೆ. ಮುಂದಿನ ದೀಪ ಆರಿದರೆ ಅವನ ದಾರಿಯೇ ಕತ್ತಲಾಗುತ್ತದೆ. ಬ್ರೇಕ್ ದೀಪ ಕೆಟ್ಟರೆ ಮಾತ್ರ ಅವನಿಗೆ ಯಾವ ಸುಳಿವೂ ಸಿಗದು. ಅದು ಅವನ ಬೆನ್ನ ಹಿಂದೆ ಇತರರ ಕಣ್ಣಿಗಾಗಿ ಇರುವ ದೀಪ.

ಮಳೆಗಾಲದ ಒಂದು ಸಂಜೆ ಮೋಟಾರ್ ಸೈಕಲ್ ಸವಾರನೊಬ್ಬನು ಆಗುಂಬೆಯಿಂದ ಸೋಮೇಶ್ವರದ ಕಡೆಗೆ ಘಾಟಿಯನ್ನು ಇಳಿಯುತ್ತಿದ್ದಾನೆಂದು ಊಹಿಸಿಕೊಳ್ಳಬಹುದು. ಈ ದಾರಿಯಲ್ಲಿ 14 ಕಡಿದಾದ ತಿರುವುಗಳುಂಟು. ಮಂಜು ಕವಿದಿದೆ; ಹಿಂದೆ ಒಂದು ಕಾರು ಬರುತ್ತಿದೆ. ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರ ಜಾರೀತೆಂಬ ಭಯದಿಂದ ಸವಾರನು ಪ್ರತಿ ತಿರುವಿನಲ್ಲಿಯೂ ಕಾಲಿನ ಬ್ರೇಕನ್ನೇ ಒತ್ತುತ್ತಾನೆ. ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಸಾಗುವ ವಾಹನವು ಒಂದು ಸೆಕೆಂಡಿನಲ್ಲಿ 10 ಮೀಟರ್ ದೂರವನ್ನು ಕ್ರಮಿಸುತ್ತದೆ. ಮುಂದಿನವನು ನಿಧಾನಿಸಿದನೆಂಬುದು ಹಿಂದಿನವನಿಗೆ ಒಂದು ಸೆಕೆಂಡು ತಡವಾಗಿ ತಿಳಿದರೂ ಆ 10 ಮೀಟರ್ ಕೈಬಿಟ್ಟಂತೆಯೇ ಸರಿ. ಘಾಟಿ ಇಳಿದ ಮೇಲೆ ಕಾರಿನ ಚಾಲಕನು ಪಕ್ಕಕ್ಕೆ ಬಂದು ನಿಲ್ಲಿಸಿ, “ಸ್ವಾಮಿ, ನಿಮ್ಮ ಬ್ರೇಕ್ ಲೈಟು ಹತ್ತುತ್ತಿಲ್ಲ. ಎರಡು ಸಲ ನಿಮಗೆ ಬಡಿಯುವುದು ಕೂದಲೆಳೆಯಲ್ಲಿ ತಪ್ಪಿತು” ಎಂದು ಹೇಳುತ್ತಾನೆ. ಸವಾರನು ಇಳಿದು ನೋಡಿದರೆ ಹಿಂದಿನ ಕೆಂಪು ದೀಪ ಉರಿಯುತ್ತಲೇ ಇದೆ!

ಈ ಗೊಂದಲಕ್ಕೆ ಕಾರಣವೇನು? ಅನೇಕ ಮೋಟಾರ್ ಸೈಕಲ್ಲುಗಳ ಹಿಂಬದಿಯ ಬಲ್ಬಿನೊಳಗೆ ಎರಡು ತಂತುಗಳಿರುತ್ತವೆ. 12 ವೋಲ್ಟಿನ ವಾಹನಗಳಲ್ಲಿ ಸಾಮಾನ್ಯವಾಗಿ ಒಂದು ತಂತು 5 ವ್ಯಾಟಿನದು. ಅದು ರಾತ್ರಿಯ ಹೊತ್ತು ಸದಾ ಉರಿಯುತ್ತದೆ. ಇನ್ನೊಂದು 21 ವ್ಯಾಟಿನದು. ಬ್ರೇಕ್ ಹಿಡಿದಾಗ ಮಾತ್ರ ಪ್ರಖರವಾಗಿ ಬೆಳಗುತ್ತದೆ. ಆದುದರಿಂದ ಒಂದು ಉರಿಯುತ್ತಿದ್ದರೆ ಇನ್ನೊಂದೂ ಸರಿಯಿದೆಯೆಂದು ಹೇಳಲಾಗದು.

ಇಂತಹ ಸಂದರ್ಭದಲ್ಲಿ ಹೊಸ ಬಲ್ಬು ತಂದು ಹಾಕಿಬಿಡುವುದೇ ಹಲವರಿಗೆ ತೋರುವ ಉಪಾಯ. ಆದರೆ ಗದ್ದೆಗೆ ನೀರು ಬಾರದಿದ್ದರೆ ತಿಳಿದ ರೈತನು ಗದ್ದೆಯನ್ನು ಅಗೆಯುವುದಿಲ್ಲ. ತೂಬಿನಿಂದ ಕಾಲುವೆಯ ಉದ್ದಕ್ಕೂ ನಡೆದು, ನೀರು ಎಲ್ಲಿ ತಡೆದಿದೆಯೆಂದು ನೋಡುತ್ತಾನೆ. ವಿದ್ಯುತ್ತಿಗೂ ಅಂತಹ ಒಂದು ದಾರಿಯುಂಟು. ಬ್ಯಾಟರಿಯಿಂದ ಹೊರಟ ವಿದ್ಯುತ್ತು ಫ್ಯೂಸನ್ನೂ ಬೀಗದಕೈಯ ಸ್ವಿಚ್ಚನ್ನೂ ದಾಟಿ ಎರಡು ಕವಲಾಗುತ್ತದೆ. ಒಂದು ಕವಲು ಕೈಬ್ರೇಕಿನ ಹಿಡಿಯ ಬಳಿಯ ಸ್ವಿಚ್ಚಿಗೆ, ಇನ್ನೊಂದು ಕಾಲುಬ್ರೇಕಿನ ಪೆಡಲಿನ ಬಳಿಯ ಸ್ವಿಚ್ಚಿಗೆ ಹೋಗುತ್ತದೆ. ಮುಂದೆ ಎರಡೂ ಕೂಡಿ ಒಂದೇ ತಂತಿಯಾಗಿ ಬಲ್ಬನ್ನು ಸೇರುತ್ತವೆ. ಅಲ್ಲಿಂದ ವಿದ್ಯುತ್ತು ವಾಹನದ ಲೋಹದ ಚೌಕಟ್ಟಿನ ಮೂಲಕ ಬ್ಯಾಟರಿಗೆ ಮರಳುತ್ತದೆ. ಈ ಮರಳುದಾರಿಯನ್ನು ಮೆಕ್ಯಾನಿಕರು ಅರ್ತ್ ಎನ್ನುತ್ತಾರೆ.

ಈ ದಾರಿಯನ್ನು ಅರಿತವನಿಗೆ ಅರ್ಧ ಪರೀಕ್ಷೆ ಕಣ್ಣಿನಿಂದಲೇ ಮುಗಿಯುತ್ತದೆ. ಮರುದಿನ ಮುಂಜಾನೆ ಸವಾರನು ಮಗಳನ್ನು ವಾಹನದ ಹಿಂದೆ ನಿಲ್ಲಿಸಿ, ಬೀಗದಕೈ ತಿರುಗಿಸಿ, ಕೈಬ್ರೇಕನ್ನು ಹಿಡಿಯುತ್ತಾನೆ. “ಹತ್ತಿತಪ್ಪಾ” ಎನ್ನುತ್ತಾಳೆ ಮಗಳು. ಕಾಲುಬ್ರೇಕನ್ನು ಒತ್ತಿದಾಗ, “ಇಲ್ಲ” ಎನ್ನುತ್ತಾಳೆ. ಈ ಎರಡು ಉತ್ತರಗಳು ಬಹಳವನ್ನು ಹೇಳುತ್ತವೆ. ಒಂದು ಬ್ರೇಕಿಗೆ ದೀಪ ಬೆಳಗಿತೆಂದ ಮೇಲೆ ಬಲ್ಬು, ಫ್ಯೂಸು, ಅರ್ತ್ ಎಲ್ಲವೂ ನಿರ್ದೋಷಿಗಳು. ದೋಷವಿರುವುದು ಕಾಲುಬ್ರೇಕಿನ ಕವಲಿನಲ್ಲಿ ಮಾತ್ರ. ಹೊಸ ಬಲ್ಬು ತಂದಿದ್ದರೆ ಹಣವೂ ವ್ಯರ್ಥ, ಅಪಾಯವೂ ಹಾಗೆಯೇ ಉಳಿಯುತ್ತಿತ್ತು.

ಪೆಡಲಿನ ಬಳಿಯ ಸ್ವಿಚ್ಚು ಕೆಸರು ನೀರು ಸಿಡಿಯುವ ಜಾಗದಲ್ಲಿರುತ್ತದೆ. ಪೆಡಲನ್ನೂ ಸ್ವಿಚ್ಚನ್ನೂ ಜೋಡಿಸುವ ಸಣ್ಣ ಸ್ಪ್ರಿಂಗು ಕಳಚಿರಬಹುದು, ಸಡಿಲಗೊಂಡಿರಬಹುದು. ಸ್ಪ್ರಿಂಗು ಸರಿಯಿದ್ದರೆ ಸ್ವಿಚ್ಚಿನ ಎರಡು ತಂತಿಗಳನ್ನು ಬಿಚ್ಚಿ ಅವುಗಳ ತುದಿಗಳನ್ನು ಒಂದಕ್ಕೊಂದು ತಾಗಿಸಿ ನೋಡಬೇಕು. ಆಗ ದೀಪ ಬೆಳಗಿದರೆ ಸ್ವಿಚ್ಚೇ ಕೆಟ್ಟಿದೆ. ಬೆಳಗದಿದ್ದರೆ ತಂತಿಯಲ್ಲಿ ದೋಷವಿದೆ. ಸ್ವಿಚ್ಚಿನ ಸುತ್ತಲಿನ ನಟ್ಟನ್ನು ತಿರುಗಿಸಿ, ಬ್ರೇಕು ಹಿಡಿಯತೊಡಗುವ ಮುನ್ನವೇ ದೀಪ ಬೆಳಗುವಂತೆ ಸರಿಪಡಿಸಬಹುದು. ಪೆಡಲನ್ನು ಬಿಟ್ಟ ಮೇಲೂ ದೀಪ ಆರದಿದ್ದರೆ ಅದೂ ಕೇಡೇ. ಸದಾ ಉರಿಯುವ ದೀಪವನ್ನು ಹಿಂದಿನವರು ನಂಬುವುದಾದರೂ ಹೇಗೆ?

ಎರಡು ಬ್ರೇಕಿಗೂ ದೀಪ ಬೆಳಗದಿದ್ದಾಗ ಮಾತ್ರ ಸಂಶಯವು ಬಲ್ಬಿನ ಕಡೆಗೆ ತಿರುಗಬೇಕು. ಬೀಗದಕೈಯನ್ನು ಆರಿಸಿ, ಗಾಜು ತಣಿದ ಮೇಲೆ ಬಲ್ಬನ್ನು ಒಳಕ್ಕೊತ್ತಿ ಎಡಕ್ಕೆ ತಿರುಗಿಸಿದರೆ ಅದು ಕೈಗೆ ಬರುತ್ತದೆ. ತಂತು ತುಂಡಾಗಿದೆಯೇ, ಗಾಜು ಕಪ್ಪಾಗಿದೆಯೇ ಎಂದು ನೋಡಬೇಕು. ಹೋಲ್ಡರಿನಲ್ಲಿ ಕಿಲುಬು ಹಿಡಿದಿದ್ದರೆ ಮರಳುಕಾಗದದಿಂದ ಉಜ್ಜಬೇಕು. ಬದಲಿ ಬಲ್ಬಿನ ವೋಲ್ಟು ವಾಹನಕ್ಕೆ ಹೊಂದಬೇಕು. ಮೈಸೂರಿನಲ್ಲಿ 1961ರಿಂದ ತಯಾರಾದ ಜಾವಾದಂತಹ ಹಳೆಯ ವಾಹನಗಳಲ್ಲಿ 6 ವೋಲ್ಟಿನ ವ್ಯವಸ್ಥೆಯಿತ್ತು. ಅಲ್ಲಿ 12 ವೋಲ್ಟಿನ ಬಲ್ಬು ಮಂಕಾಗಿ ಉರಿಯುತ್ತದೆ. ಹಿಂದಿನ ದೀಪವೂ ಬ್ರೇಕ್ ದೀಪವೂ ಒಟ್ಟಿಗೆ ಮಂಕಾದರೆ ಅರ್ತ್ ಸಡಿಲವಾಗಿರುವ ಸಂಭವವುಂಟು. ಫ್ಯೂಸು ಪದೇ ಪದೇ ಸುಟ್ಟರೆ ಎಲ್ಲಿಯೋ ತಂತಿಯ ಹೊದಿಕೆ ಸವೆದು ಚೌಕಟ್ಟಿಗೆ ತಾಗುತ್ತಿದೆಯೆಂದು ತಿಳಿಯಬೇಕು. ಆಗ ಅದರ ಬದಲಿಗೆ ದಪ್ಪ ತಂತಿ ಕಟ್ಟುವುದು ಬೆಂಕಿಯನ್ನು ಕರೆದಂತೆ. ಇಂದಿನ ಹಲವು ವಾಹನಗಳಲ್ಲಿ ಬಲ್ಬಿನ ಬದಲು ಎಲ್‌ಇಡಿ ದೀಪಗಳಿವೆ. ಆದರೂ ಹುಡುಕುವ ಕ್ರಮ ಅದೇ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಬ್ರೇಕ್ ಹಿಡಿದಾಗ ಹಿಂಬದಿಯಲ್ಲಿ ಕೆಂಪು ದೀಪ ಬೆಳಗಬೇಕೆಂದು ವಿಧಿಸಿವೆ. ಆದರೆ ನಿಯಮವು ಪ್ರತಿದಿನವೂ ಬಂದು ಪರೀಕ್ಷಿಸಲಾರದು. ಮನೆಯ ಗೋಡೆಗೆ ಹಿಂಬದಿ ಮಾಡಿ ವಾಹನವನ್ನು ನಿಲ್ಲಿಸಿ, ಮುಸ್ಸಂಜೆಯಲ್ಲಿ ಎರಡು ಬ್ರೇಕುಗಳನ್ನೂ ಒಂದೊಂದಾಗಿ ಒತ್ತಿದರೆ ಗೋಡೆಯ ಮೇಲಿನ ಕೆಂಪು ಬೆಳಕೇ ಉತ್ತರ ಕೊಡುತ್ತದೆ. ಅದಕ್ಕೆ ಅರ್ಧ ನಿಮಿಷವೂ ಬೇಡ. ತನಗೆ ಕಾಣದಿದ್ದರೂ ಪರರಿಗೆ ಕಾಣಬೇಕಾದುದು ಸರಿಯಾಗಿದೆಯೇ ಎಂದು ನೋಡಿಕೊಳ್ಳುವುದು ಸವಾರನ ಕರ್ತವ್ಯ. ಘಾಟಿಯ ಮಂಜಿನಲ್ಲಿ ಅವನ ಪ್ರಾಣವನ್ನೂ ಹಿಂದೆ ಬರುವವರ ಪ್ರಾಣವನ್ನೂ ಕಾಯುವುದು ಅವನಿಗೆ ಕಾಣದ ಆ ದೀಪವೇ.