‘ವೀಕ್ ಆಸಿಡ್’ ಎಂದರೆ ಅಪಾಯವಿಲ್ಲ ಎಂದಲ್ಲ

ನಮ್ಮಲ್ಲಿ ಕೆಲವರು ರಿಫೈನರಿಯಲ್ಲಿದ್ದೇವೆ, ಕೆಲವರು ಫ್ಯಾಬ್ರಿಕೇಷನ್ ಯಾರ್ಡಿನಲ್ಲಿ, ಇನ್ನು ಕೆಲವರು ಹೋಟೆಲ್, ಆಸ್ಪತ್ರೆಗಳ ಸ್ವಚ್ಛತೆಯ ಕೆಲಸದಲ್ಲಿ. ಕೆಲಸ ಬೇರೆ ಬೇರೆಯಾದರೂ ಆಸಿಡ್ ಡಬ್ಬ ಎಲ್ಲರಿಗೂ ಎದುರಾಗುತ್ತದೆ. ಆಗ ನಾವು ಕೇಳುವ ಮೊದಲ ಪ್ರಶ್ನೆ, ‘ಇದು ಸ್ಟ್ರಾಂಗಾ, ವೀಕಾ?’ ವೀಕ್ ಎಂಬ ಉತ್ತರ ಬಂದರೆ ಅರ್ಧ ಭಯ ಹೋಗುತ್ತದೆ. ಆ ಧೈರ್ಯ ಎಲ್ಲ ಸಲವೂ ಸರಿಯಲ್ಲ. ರಸಾಯನಶಾಸ್ತ್ರದಲ್ಲಿ ಈ ಎರಡು ಪದಗಳಿಗೆ ಬೇರೆಯೇ ಅರ್ಥವಿದೆ. ಅದನ್ನು ತಿಳಿಯಲು ಅಣುವಿನ ರಚನೆಯೊಳಗೆ ಸ್ವಲ್ಪ ಇಣುಕಬೇಕು.

ಕೊಡುಗೈ ದಾನಿ ಮತ್ತು ಜಿಪುಣ

1923ರಲ್ಲಿ ಡೆನ್ಮಾರ್ಕಿನ ಬ್ರಾನ್‌ಸ್ಟೆಡ್ ಮತ್ತು ಇಂಗ್ಲೆಂಡಿನ ಲೌರಿ ಎಂಬ ವಿಜ್ಞಾನಿಗಳು ಬೇರೆ ಬೇರೆಯಾಗಿ ಒಂದೇ ವ್ಯಾಖ್ಯೆ ಕೊಟ್ಟರು. ತನ್ನಲ್ಲಿರುವ ಜಲಜನಕವನ್ನು ಪ್ರೋಟಾನ್ ರೂಪದಲ್ಲಿ ಬಿಟ್ಟುಕೊಡುವುದು ಆಮ್ಲ. ಅದನ್ನು ಪಡೆದುಕೊಳ್ಳುವುದು ಪ್ರತ್ಯಾಮ್ಲ. ನೀರಿಗೆ ಬಿದ್ದೊಡನೆ ಹೆಚ್ಚುಕಡಿಮೆ ಎಲ್ಲ ಅಣುಗಳೂ ಪ್ರೋಟಾನ್ ಬಿಟ್ಟುಕೊಟ್ಟರೆ ಅದು ಪ್ರಬಲ ಆಮ್ಲ, ಅಂದರೆ ಕೊಡುಗೈ ದಾನಿ. ಕೆಲವೇ ಅಣುಗಳು ಕೊಟ್ಟು ಉಳಿದವು ಬಿಗಿಹಿಡಿದು ಕುಳಿತರೆ ಅದು ದುರ್ಬಲ ಆಮ್ಲ, ಅಂದರೆ ಜಿಪುಣ. ‘ಸ್ಟ್ರಾಂಗ್’, ‘ವೀಕ್’ ಎಂಬುದರ ಅರ್ಥ ಇಷ್ಟೇ. ಚರ್ಮ ಎಷ್ಟು ಸುಡುತ್ತದೆ, ಉಸಿರಿಗೆ ಎಷ್ಟು ಅಪಾಯ ಎಂಬುದನ್ನು ಈ ಪದಗಳು ಹೇಳುವುದಿಲ್ಲ.

ಯಾವ ಅಣು ದಾನಿ, ಯಾವುದು ಜಿಪುಣ ಎಂದು ತೀರ್ಮಾನಿಸುವುದರಲ್ಲಿ ಎರಡು ಸಂಗತಿಗಳು ಮುಖ್ಯ. ಜಲಜನಕವನ್ನು ಹಿಡಿದಿರುವ ಬಂಧ ಎಷ್ಟು ಗಟ್ಟಿ? ಪ್ರೋಟಾನ್ ಹೋದ ಮೇಲೆ ಉಳಿಯುವ ಋಣ ವಿದ್ಯುದಂಶದ ಹೊರೆಯನ್ನು ಅಣು ಎಷ್ಟು ಸುಲಭವಾಗಿ ಹೊರಬಲ್ಲದು?

ಎರಡನೆಯದಕ್ಕೆ ಅಡುಗೆಮನೆಯ ವಿನೆಗರ್ ಒಳ್ಳೆಯ ಉದಾಹರಣೆ. ಅದರಲ್ಲಿರುವ ಅಸಿಟಿಕ್ ಆಮ್ಲ ಪ್ರೋಟಾನ್ ಕೊಟ್ಟ ಮೇಲೆ ಉಳಿದ ಹೊರೆಯನ್ನು ಎರಡು ಆಮ್ಲಜನಕ ಪರಮಾಣುಗಳು ಹಂಚಿಕೊಳ್ಳುತ್ತವೆ. ಆಲ್ಕೋಹಾಲ್‌ನಲ್ಲಿ ಹೊರೆ ಹೊರಲು ಇರುವುದು ಒಂದೇ ಆಮ್ಲಜನಕ; ಆದ್ದರಿಂದ ಅದು ಆಮ್ಲದಂತೆ ವರ್ತಿಸುವುದೇ ಇಲ್ಲವೆನ್ನಬಹುದು. ಅಸಿಟಿಕ್ ಆಮ್ಲದ ಇಂಗಾಲಕ್ಕೆ ಅಂಟಿದ ಮೂರು ಜಲಜನಕಗಳ ಜಾಗದಲ್ಲಿ ಮೂರು ಕ್ಲೋರಿನ್ ಇಟ್ಟರೆ ಅವು ಎಲೆಕ್ಟ್ರಾನುಗಳನ್ನು ತಮ್ಮತ್ತ ಎಳೆದು ಹೊರೆಯನ್ನು ಇನ್ನೂ ಹಗುರ ಮಾಡುತ್ತವೆ. ಹೀಗೆ ಸಿಗುವ ಟ್ರೈಕ್ಲೋರೋ ಅಸಿಟಿಕ್ ಆಮ್ಲ ವಿನೆಗರ್ ಆಮ್ಲಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಪ್ರಬಲ.

ಮೂಳೆಗೆ ಇಳಿಯುವ ಜಿಪುಣ

ಈಗ ಮೊದಲನೆಯ ಸಂಗತಿ, ಬಂಧದ ಗಟ್ಟಿತನ. ಒಂದು ಮೋಲ್ ಅಣುಗಳಲ್ಲಿ ಜಲಜನಕ ಮತ್ತು ಅಯೋಡಿನ್ ನಡುವಿನ ಬಂಧ ಮುರಿಯಲು ಸುಮಾರು 299 ಕಿಲೋಜೂಲ್ ಶಕ್ತಿ ಬೇಕು. ಬ್ರೋಮಿನ್ ಆದರೆ 366, ಕ್ಲೋರಿನ್ ಆದರೆ 431, ಫ್ಲೋರಿನ್ ಆದರೆ ಸುಮಾರು 567. ಆದ್ದರಿಂದ ಹೈಡ್ರೋಕ್ಲೋರಿಕ್ ಆಮ್ಲ ಪ್ರಬಲ. ಅದೇ ಕುಟುಂಬದ ಹೈಡ್ರೋಫ್ಲೋರಿಕ್ ಆಮ್ಲ ದುರ್ಬಲ. ನೀರು ಬೆರೆಸಿದ ಸಾಧಾರಣ ದ್ರಾವಣದಲ್ಲಿ ಅದರ ನೂರು ಅಣುಗಳ ಪೈಕಿ ಸುಮಾರು ಎಂಟು ಮಾತ್ರ ಪ್ರೋಟಾನ್ ಬಿಟ್ಟುಕೊಡುತ್ತವೆ.

ಪುಸ್ತಕದ ಲೆಕ್ಕದಲ್ಲಿ ‘ವೀಕ್’ ಆದ ಈ ಆಮ್ಲ ಗಾಜನ್ನೇ ಕರಗಿಸುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ವೆಲ್ಡಿಂಗ್ ಆದಮೇಲೆ ಜಾಯಿಂಟಿಗೆ ಹಚ್ಚುವ ಪಿಕ್ಲಿಂಗ್ ಪೇಸ್ಟ್‌ನಲ್ಲಿ ಸಾಮಾನ್ಯವಾಗಿ ನೈಟ್ರಿಕ್ ಆಮ್ಲದ ಜೊತೆ ಇದೂ ಇರುತ್ತದೆ. ಕೆಲವು ತುಕ್ಕು ತೆಗೆಯುವ, ಅಲ್ಯೂಮಿನಿಯಂ ಹೊಳಪಿಸುವ ದ್ರಾವಣಗಳಲ್ಲೂ ಇರುತ್ತದೆ. ಇದರ ಅಪಾಯಕ್ಕೆ ಆ ಜಿಪುಣತನವೇ ಒಂದು ಕಾರಣ. ಪ್ರೋಟಾನ್ ಬಿಡದ ಇಡೀ ಅಣುವಿಗೆ ವಿದ್ಯುದಂಶ ಇರುವುದಿಲ್ಲ. ಹಾಗಾಗಿ ಅದು ಚರ್ಮವನ್ನು ದಾಟಿ ಸುಲಭವಾಗಿ ಆಳಕ್ಕೆ ಇಳಿಯುತ್ತದೆ. ಒಳಗೆ ಫ್ಲೋರೈಡ್ ದೇಹದ ಕ್ಯಾಲ್ಸಿಯಂ ಅನ್ನು ಹಿಡಿದುಹಾಕುತ್ತದೆ. ಮಾಂಸ, ಮೂಳೆ ಕೆಡುತ್ತವೆ. ರಕ್ತದ ಕ್ಯಾಲ್ಸಿಯಂ ಕುಸಿದರೆ ಹೃದಯದ ಬಡಿತವೇ ತಪ್ಪಬಹುದು.

ಇನ್ನೊಂದು ಮೋಸವಿದೆ. ಹೈಡ್ರೋಕ್ಲೋರಿಕ್ ಆಮ್ಲ ತಾಗಿದರೆ ಬೇಗನೆ ಉರಿ ಗೊತ್ತಾಗುತ್ತದೆ. ತೆಳುವಾದ ಹೈಡ್ರೋಫ್ಲೋರಿಕ್ ಆಮ್ಲ ತಾಗಿದರೆ ನೋವು ಶುರುವಾಗಲು ಹಲವು ಗಂಟೆ, ಕೆಲವೊಮ್ಮೆ ಒಂದು ದಿನವೇ ಬೇಕಾಗಬಹುದು. ಬೆಳಗಿನ ಪಾಳಿಯಲ್ಲಿ ತಾಗಿದ್ದು ರಾತ್ರಿ ಕ್ಯಾಂಪಿನಲ್ಲಿ ಮಲಗಿದಾಗ ಗೊತ್ತಾದರೆ ಅಮೂಲ್ಯ ಸಮಯ ಕಳೆದುಹೋಗಿರುತ್ತದೆ. ಆದ್ದರಿಂದ ತಾಗಿದ ಅನುಮಾನ ಬಂದರೂ ಸಾಕು, ನೋವಿಗೆ ಕಾಯಬಾರದು. ತಕ್ಷಣ ಬಟ್ಟೆ ಕಳಚಿ ಧಾರಾಳ ನೀರಿನಲ್ಲಿ ತೊಳೆದು, ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಹಚ್ಚಿ, ಆಸ್ಪತ್ರೆಗೆ ಹೋಗಬೇಕು. ವೈದ್ಯರಿಗೆ ‘ಆಸಿಡ್’ ಎಂದಷ್ಟೇ ಹೇಳದೆ ‘ಎಚ್‌ಎಫ್’ ಎಂದೇ ಹೇಳಬೇಕು. ಚಿಕಿತ್ಸೆ ಬೇರೆಯೇ.

ಕೊಳೆತ ಮೊಟ್ಟೆಯ ವಾಸನೆ

ಗಲ್ಫ್‌ನ ತೈಲ, ಅನಿಲ ಘಟಕಗಳಲ್ಲಿರುವ ನಮಗೆ ಎಚ್‌ಟುಎಸ್ ಅಲಾರಂ ಹೊಸದಲ್ಲ. ಹೈಡ್ರೋಜನ್ ಸಲ್ಫೈಡ್ ಕೂಡ ದುರ್ಬಲ ಆಮ್ಲವೇ. ಗಂಧಕ ಆಮ್ಲಜನಕಕ್ಕಿಂತ ದೊಡ್ಡ ಪರಮಾಣು, ಜಲಜನಕದೊಡನೆ ಅದರ ಬಂಧ ಸಡಿಲ. ಹಾಗಾಗಿ ಅದು ನೀರಿಗಿಂತ ಪ್ರಬಲ ಆಮ್ಲ, ಆದರೂ ವಿನೆಗರ್‌ಗಿಂತ ಎಷ್ಟೋ ದುರ್ಬಲ. ಕೊಲ್ಲುವ ವಿಷಯದಲ್ಲಿ ಮಾತ್ರ ಎರಡಕ್ಕೂ ಹೋಲಿಕೆಯೇ ಇಲ್ಲ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು ನೂರು ಭಾಗ ಸೇರಿದರೆ ಮೂಗು ವಾಸನೆ ಹಿಡಿಯುವುದನ್ನೇ ನಿಲ್ಲಿಸುತ್ತದೆ. ವಾಸನೆ ಹೋಯಿತು ಎಂದರೆ ಅನಿಲ ಹೋಯಿತು ಎಂದಲ್ಲ.

ಅಬುಧಾಬಿಯ ಶಾಹ್ ಕ್ಷೇತ್ರದ ಅನಿಲದಲ್ಲಿ ಐದನೆಯ ಒಂದಕ್ಕಿಂತ ಹೆಚ್ಚು ಪಾಲು ಈ ವಿಷವೇ ಇದೆ. ಇಂಥ ಅನಿಲವನ್ನು ಶುದ್ಧ ಮಾಡಲು ಬಳಸುವುದು ಅಮೀನ್ ಎಂಬ ದುರ್ಬಲ ಪ್ರತ್ಯಾಮ್ಲಗಳನ್ನು. ಅಮೀನ್‌ನಲ್ಲಿರುವ ಸಾರಜನಕದ ಬಳಿ ಬಂಧಕ್ಕೆ ಸೇರದ ಒಂದು ಜೊತೆ ಎಲೆಕ್ಟ್ರಾನುಗಳಿವೆ. ಪ್ರೋಟಾನ್ ಬಂದು ಅಂಟಿಕೊಳ್ಳುವುದು ಅಲ್ಲೇ. ಪ್ರಬಲವಾದ ಕಾಸ್ಟಿಕ್ ಸೋಡಾ ಯಾಕೆ ಬೇಡ? ಅದು ಹಿಡಿದದ್ದನ್ನು ಸುಲಭವಾಗಿ ಬಿಡುವುದಿಲ್ಲ. ಅಮೀನ್ ತಂಪಿನಲ್ಲಿ ಹಿಡಿದು, ಸುಮಾರು 120 ಡಿಗ್ರಿಗೆ ಕಾಯಿಸಿದಾಗ ಬಿಟ್ಟುಬಿಡುತ್ತದೆ. ಮತ್ತೆ ಮತ್ತೆ ಬಳಸಬಹುದು. ಇಲ್ಲಿ ದುರ್ಬಲವಾಗಿರುವುದೇ ಅದರ ಯೋಗ್ಯತೆ.

ಎರಡು ಬಾಟಲಿ, ಒಂದು ಬಕೆಟ್

ಸ್ವಚ್ಛತೆಯ ಕೆಲಸದಲ್ಲಿರುವ ನಮ್ಮವರಿಗೆ ಒಂದು ಮಾತು. ಬ್ಲೀಚ್‌ನಲ್ಲಿರುವುದು ಹೈಪೋಕ್ಲೋರಸ್ ಎಂಬ ದುರ್ಬಲ ಆಮ್ಲದ ಲವಣ. ಅನೇಕ ಟಾಯ್ಲೆಟ್ ಕ್ಲೀನರ್‌ಗಳಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ. ಎರಡನ್ನೂ ಬೆರೆಸಿದರೆ ಹೊಳಪು ಹೆಚ್ಚುವುದಿಲ್ಲ. ಕ್ಲೋರಿನ್ ವಿಷಾನಿಲ ಹೊರಡುತ್ತದೆ. ಕಿಟಕಿ ಇಲ್ಲದ ಸ್ನಾನದ ಕೋಣೆಯಲ್ಲಿ ಅಷ್ಟು ಸಾಕು, ಶ್ವಾಸಕೋಶ ಕೆಡಲು.

ಹಾಗಾದರೆ ಡಬ್ಬ ಕಂಡಾಗ ಏನು ಕೇಳಬೇಕು? ಹೆಸರು ಕೇಳೋಣ. ಪ್ರತಿ ರಾಸಾಯನಿಕಕ್ಕೂ ಸೇಫ್ಟಿ ಡೇಟಾ ಶೀಟ್ ಇರುತ್ತದೆ. ಅದರ 2ನೇ ಭಾಗದಲ್ಲಿ ಅಪಾಯ, 4ರಲ್ಲಿ ಪ್ರಥಮ ಚಿಕಿತ್ಸೆ, 8ರಲ್ಲಿ ಯಾವ ಕೈಗವಸು, ಯಾವ ಮಾಸ್ಕ್ ಎಂಬುದು ಇರುತ್ತದೆ. ಹೈಡ್ರೋಫ್ಲೋರಿಕ್ ಆಮ್ಲವಿದ್ದರೆ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಎಲ್ಲಿದೆ ಎಂದು ಡಬ್ಬ ತೆರೆಯುವ ಮೊದಲೇ ಕೇಳಿ ನೋಡಿಕೊಳ್ಳೋಣ.

ಆ ಹಾಳೆ ಹೆಚ್ಚಾಗಿ ಇಂಗ್ಲಿಷ್ ಅಥವಾ ಅರಬ್ಬಿಯಲ್ಲಿರುತ್ತದೆ. ನಮ್ಮ ಜೊತೆ ದುಡಿಯುವ ಎಲ್ಲರಿಗೂ ಓದಲು ಬರುವುದಿಲ್ಲ, ಬರುವುದಿಲ್ಲ ಎಂದು ಹೇಳಿಕೊಳ್ಳಲು ಸಂಕೋಚವೂ ಇರುತ್ತದೆ. ಓದಬಲ್ಲವರು ಟೀ ವಿರಾಮದಲ್ಲಿ ಆ ಮೂರು ಭಾಗಗಳನ್ನು ಕನ್ನಡದಲ್ಲಿ ಹೇಳಿದರೆ ಐದು ನಿಮಿಷ ಸಾಕು. ಊರಿನಲ್ಲಿ ನಮ್ಮ ದಾರಿ ಕಾಯುವವರಿಗೆ ಬೇಕಾದದ್ದು ನಾವು ಕೈಕಾಲು ಗಟ್ಟಿಯಾಗಿ ಮರಳುವುದು.