ನ್ಯಾಂಗೆಯ ದೇವಾಲಯ, ಅರುಷಾದ ನ್ಯಾಯಾಲಯ



1994ರಲ್ಲಿ ಪಾಸ್ಕ ಹಬ್ಬ ಏಪ್ರಿಲ್ 3ಕ್ಕೆ ಬಂದಿತ್ತು. ಹಬ್ಬದ ವಾರ ಮುಗಿಯುವ ಮೊದಲೇ ಆಫ್ರಿಕಾದ ರುವಾಂಡದಲ್ಲಿ, ಬಹುಪಾಲು ಜನ ಕ್ರೈಸ್ತರೇ ಆಗಿದ್ದ ಆ ಪುಟ್ಟ ದೇಶದಲ್ಲಿ, ಕೊಲೆ ಶುರುವಾಯಿತು. ನೂರು ದಿನಗಳಲ್ಲಿ ಸುಮಾರು ಎಂಟು ಲಕ್ಷ ಜನ ಹತರಾದರು; ಹೆಚ್ಚಿನವರು ಟುಟ್ಸಿ ಜನಾಂಗದವರು. ಹೊರಜಗತ್ತಿನಲ್ಲಿ ಅನೇಕರು ಅದನ್ನು ಬುಡಕಟ್ಟುಗಳ ಕಾದಾಟ ಎಂದರು. ಆ ಮಾತಿನಲ್ಲಿ ಒಂದು ಅನುಕೂಲವಿದೆ. ಕಾದಾಟ ಎಂದುಬಿಟ್ಟರೆ ಕೊಂದವರು ಯಾರು, ಸತ್ತವರು ಯಾರು ಎಂದು ಕೇಳಬೇಕಾಗಿಲ್ಲ.

ನ್ಯಾಯಾಲಯದಲ್ಲಿ ಕೇಳಲೇಬೇಕು. ಅದೇ ವರ್ಷ ನವೆಂಬರಿನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ರುವಾಂಡಕ್ಕಾಗಿ ಅಂತರರಾಷ್ಟ್ರೀಯ ನ್ಯಾಯಾಲಯವೊಂದನ್ನು ರಚಿಸಿತು. ನೆರೆಯ ಟಾಂಜಾನಿಯಾದ ಅರುಷಾ ನಗರದಲ್ಲಿದ್ದ ಅದು 2015ರ ಕೊನೆಯವರೆಗೆ ಕೆಲಸ ಮಾಡಿತು. ಯಾವ ದಿನ, ಯಾವ ಊರು, ಅಪ್ಪಣೆ ಯಾರದು, ಕಣ್ಣಾರೆ ಕಂಡವರು ಯಾರು? ಟಾಬಾ ಎಂಬಲ್ಲಿನ ಮೇಯರ್ ಅಕಾಯೆಸುವಿನ ಮೇಲಿನ ಮೊದಲ ಆರೋಪಪಟ್ಟಿಯಲ್ಲಿ ಅತ್ಯಾಚಾರದ ಮಾತೇ ಇರಲಿಲ್ಲ. ಹೆಂಗಸರು ಸಾಕ್ಷಿಕಟ್ಟೆಯಲ್ಲಿ ನಿಂತು ಹೇಳಿದ ಮೇಲೆ ಸೇರಿಸಿದರು. ಅತ್ಯಾಚಾರವೂ ನರಮೇಧದ ಕೃತ್ಯವಾಗಬಲ್ಲದು ಎಂದು 1998ರ ತೀರ್ಪು ಹೇಳಿತು. 'ಯುದ್ಧ ಎಂದಮೇಲೆ ಅದೆಲ್ಲ ಇದ್ದದ್ದೇ' ಎನ್ನುವವರಿಗೆ ಅದು ಉತ್ತರವಾಯಿತು. 2006ರಲ್ಲಿ ಮೇಲ್ಮನವಿ ಪೀಠವು, ಟುಟ್ಸಿಗಳ ನರಮೇಧ ಎಲ್ಲರೂ ಬಲ್ಲ ಸಂಗತಿ, ಪ್ರತಿ ಮೊಕದ್ದಮೆಯಲ್ಲೂ ಅದನ್ನು ಹೊಸದಾಗಿ ರುಜುವಾತು ಮಾಡಬೇಕಾಗಿಲ್ಲ ಎಂದು ನಿರ್ಣಯಿಸಿತು.

ಇನ್ನು ನಾನು ಬರೆಯಲು ಹಿಂಜರಿದ ಭಾಗ. ನ್ಯಾಂಗೆ ಧರ್ಮಕೇಂದ್ರದ ದೇವಾಲಯದಲ್ಲಿ ಸುಮಾರು 1,500 ಟುಟ್ಸಿಗಳು ಆಶ್ರಯ ಪಡೆದಿದ್ದರು. ಏಪ್ರಿಲ್ 16ರಂದು ಬುಲ್‌ಡೋಜರ್ ತಂದು ದೇವಾಲಯವನ್ನೇ ಅವರ ಮೇಲೆ ಕೆಡವಲಾಯಿತು. ಅಲ್ಲಿ ಗುರುವಾಗಿದ್ದವರು ಅಥನಾಸ್ ಸೆರೊಂಬಾ. ಕೆಡವಲು ಅವರು ಒಪ್ಪಿದರು, ಕಟ್ಟಡದ ದುರ್ಬಲ ಭಾಗ ಯಾವುದೆಂದು ಚಾಲಕನಿಗೆ ತಿಳಿಸಿದರು ಎಂದು ನ್ಯಾಯಾಲಯ ಕಂಡುಕೊಂಡಿತು. 2006ರಲ್ಲಿ ವಿಧಿಸಿದ 15 ವರ್ಷಗಳ ಸೆರೆ 2008ರ ಮೇಲ್ಮನವಿಯಲ್ಲಿ ಜೀವಾವಧಿಯಾಯಿತು.

ಇದನ್ನು ಒಮ್ಮೆ ಪ್ರಬೋಧನೆಯಲ್ಲಿ ಹೇಳಿದಾಗ ಹಿರಿಯರೊಬ್ಬರು, "ಫಾದರ್, ನಮ್ಮ ಗುರುಗಳ ಬಗ್ಗೆ ಇದನ್ನೆಲ್ಲ ಹೇಳಬೇಕೇ?" ಎಂದು ನೊಂದುಕೊಂಡರು. ಶುಭಸಂದೇಶದವರು ಯೂದನ ಹೆಸರನ್ನು ಬಿಟ್ಟಿಲ್ಲವಲ್ಲ ಎಂದೆ. 2017ರಲ್ಲಿ ಫ್ರಾನ್ಸಿಸ್ ಜಗದ್ಗುರುಗಳು ಧರ್ಮಸಭೆಯ ಮತ್ತು ಅದರ ಸದಸ್ಯರ ಪಾಪಗಳಿಗಾಗಿ ಕ್ಷಮೆ ಬೇಡಿದರು. ಹೆಸರು, ದಿನಾಂಕ, ಗೋಡೆ, ಚಾಲಕ ಇವೆಲ್ಲ ಕಡತಕ್ಕೆ ಬಂದಮೇಲೆ 'ಅವರೇನೋ ಕಾಡುಜನ' ಎಂದು ನಾವು ದೂರ ನಿಲ್ಲುವುದು ಹೇಗೆ?

ಅರುಷಾ ಎಲ್ಲವನ್ನೂ ತೋರಿಸಲಿಲ್ಲ, ನಿಜ. ಗೆದ್ದ ಪಕ್ಷದ ಸೈನಿಕರು ಹುಟುಗಳನ್ನು ಕೊಂದದ್ದಕ್ಕೆ ಅಲ್ಲಿ ಯಾರ ಮೇಲೂ ಮೊಕದ್ದಮೆ ನಡೆಯಲಿಲ್ಲ. ಆ ಮನೆಗಳ ಅಳು ತೀರ್ಪುಗಳಲ್ಲಿಲ್ಲ. ಅಪರಾಧಿಯನ್ನು ಹುಡುಕುವ ಕಡತದಲ್ಲಿ, ಒಲ್ಲೆನೆಂದು ನಿಂತವರಿಗೂ ಜಾಗ ಕಡಿಮೆ. ಅದೇ ನ್ಯಾಂಗೆಯ ಶಾಲೆಗೆ 1997ರ ಮಾರ್ಚಿನಲ್ಲಿ ಬಂದೂಕುಧಾರಿಗಳು ನುಗ್ಗಿ, ಹುಟುಗಳು ಒಂದು ಕಡೆ, ಟುಟ್ಸಿಗಳು ಇನ್ನೊಂದು ಕಡೆ ನಿಲ್ಲಿ ಎಂದರು. ಅರುಷಾಕ್ಕಿದ್ದ ಅಧಿಕಾರ 1994ರ ಕೃತ್ಯಗಳಿಗೆ ಮಾತ್ರ. ಈ ಪ್ರಕರಣ ಅಲ್ಲಿಗೆ ಬರಲಿಲ್ಲ. ನಾವೆಲ್ಲ ರುವಾಂಡದವರು ಎಂದ ಆ ಮಕ್ಕಳು ಬೇರೆಯಾಗಲಿಲ್ಲ. ಅವರಲ್ಲಿ ಕೆಲವರು ಅಲ್ಲೇ ಸತ್ತರು.